ಉಂಡ ಮನೆಯ ವರದಿ

ಮೇಷ್ಟ್ರೇ,

ನಮ್ಮ ಹೊಸ ವರದಿಗಾರ್ತಿ ಕಳೆದ ಸಂಚಿಕೆಗೆ ಬರೆದ ‘ಭಾವಿ ಶಾಸಕರ ತೋಟದಲ್ಲಿ ಒಂದು ಮಧ್ಯಾಹ್ನ’ ಓದಿ ನಿಮಗೆ ಸಿಟ್ಟು ಬಂದಿದೆ. ಊಟ ಹಾಕಿದವರನ್ನೇ ಗೇಲಿ ಮಾಡಿ ಉಂಡ ಮನೆಗೆ ಎರಡು ಬಗೆದಳು, ಕೊಟ್ಟ ಸಿಹಿ ಡಬ್ಬಿ ಹಿಂದಿರುಗಿಸಿ ಅವಮಾನ ಮಾಡಿದಳು, ಅವರ ಹೆಸರು ಹಾಕುವ ಧೈರ್ಯವೂ ಪತ್ರಿಕೆಗಿಲ್ಲ ಎಂದಿದ್ದೀರಿ. ‘ಹೊಟ್ಟೆ ತುಂಬಿದವರು ಕದಿಯುವುದಿಲ್ಲ. ನಮ್ಮ ಮನೆಗೂ ಅವರ ಕುಕ್ಕರ್ ಬಂದಿದೆ, ತಪ್ಪೇನು?’ ಎಂದೂ ಕೇಳಿದ್ದೀರಿ.

ಡಬ್ಬಿಯಲ್ಲಿ ಬರೀ ಮೈಸೂರುಪಾಕು ಇದ್ದಿದ್ದರೆ ಆಫೀಸಿನಲ್ಲಿ ಹಂಚಿಕೊಂಡು ತಿನ್ನುತ್ತಿದ್ದೆವು. ಅಡಿಯಲ್ಲಿ ದುಡ್ಡಿನ ಕವರ್ ಇತ್ತು. ಉತ್ತರ ಪ್ರದೇಶದ ಬಿಸೌಲಿಯಲ್ಲಿ 2007ರಲ್ಲಿ ಗೆದ್ದ ಉಮ್ಲೇಶ್ ಯಾದವ್ ಅವರನ್ನು ಚುನಾವಣಾ ಆಯೋಗ 2011ರಲ್ಲಿ ಮೂರು ವರ್ಷ ಅನರ್ಹಗೊಳಿಸಿತು. ಸುದ್ದಿಯ ವೇಷದಲ್ಲಿ ಅಚ್ಚಾದ ಜಾಹೀರಾತಿನ ಖರ್ಚನ್ನು ಅವರು ಲೆಕ್ಕದಲ್ಲಿ ತೋರಿಸಿರಲಿಲ್ಲ. ಮೊತ್ತ ಎಷ್ಟು ಗೊತ್ತೇ? 21,250 ರೂಪಾಯಿ. ಅಂಥ ಸುದ್ದಿ ಹುಟ್ಟುವುದು ಇಂಥ ಡಬ್ಬಿಗಳ ಅಡಿಯಲ್ಲೇ. ಹಿಂದಕ್ಕೆ ಕೊಟ್ಟು ಬಂದ ಹುಡುಗಿಗೆ ನಾನು ಶಹಬ್ಬಾಸ್ ಎಂದೆ.

ಇನ್ನು ಹೆಸರು. ನಮ್ಮ ಪತ್ರಿಕೆ ಪೇಟೆಗೆ ಬಂದ ಮರುದಿನವೇ ಭಾವಿ ಶಾಸಕರ ಆಪ್ತರೊಬ್ಬರು ಫೋನ್ ಮಾಡಿದ್ದರು: ‘ಹೆಸರೇ ಇಲ್ಲವಲ್ಲ ಸಾರ್, ಫೋಟೊನಾದ್ರೂ ಹಾಕಬಾರದಿತ್ತಾ?’ ವಿಧಾನಸೌಧದಂತೆ ಕಟ್ಟಿಸಿದ ತೋಟದ ಗೇಟು, ಕನ್ನಡಿಯ ಮುಂದೆ ದಿನಾ ನಡೆಯುವ ಪ್ರಮಾಣವಚನದ ತಾಲೀಮು, ಈಗಲೇ ಆರಿಸಿಟ್ಟುಕೊಂಡ ಮಂತ್ರಿ ಖಾತೆ, ಇವನ್ನೆಲ್ಲ ಬರೆದದ್ದಕ್ಕೆ ತಕರಾರೇ ಇರಲಿಲ್ಲ. ಗೇಲಿಯಿಂದ ನೊಂದವರು ನೀವು, ಅವರಲ್ಲ. ವಿಚಿತ್ರ ಮನುಷ್ಯ ಎನ್ನಿಸಿಕೊಳ್ಳುವುದು ಅವರಿಗೆ ಪುಕ್ಕಟೆ ಪ್ರಚಾರ. ಅವಳ ಬರಹದಲ್ಲಿ ಬಿಳಿ ಕುದುರೆಯ ಬಗ್ಗೆ ಇನ್ನೊಂದು ಪ್ಯಾರಾ ಇತ್ತು. ತುಂಬ ಚೆನ್ನಾಗಿತ್ತು, ಅದಕ್ಕೇ ತೆಗೆದೆ. ಕುದುರೆ ನೋಡುತ್ತ ಕೂತರೆ ಲೆಕ್ಕ ಕೇಳುವುದು ಯಾರಿಗೂ ನೆನಪಾಗುವುದಿಲ್ಲ.

ಹೊಟ್ಟೆ ತುಂಬಿದವರ ಮಾತು ನೀವೊಬ್ಬರೇ ಆಡುತ್ತಿಲ್ಲ, ಪ್ರತಿ ಚುನಾವಣೆಯಲ್ಲೂ ಕೇಳುತ್ತೇನೆ. ಕದಿಯುವುದಿಲ್ಲ ಎಂದೇ ಇಟ್ಟುಕೊಳ್ಳೋಣ. ಅಮೆರಿಕದ ಟೆಕ್ಸಾಸಿನ ಕುಬೇರ ರಾಸ್ ಪೆರೋ ಸಾವಿರ ಡಾಲರಿನಿಂದ ಕಂಪ್ಯೂಟರ್ ಕಂಪನಿ ಕಟ್ಟಿದವರು. 1979ರಲ್ಲಿ ಟೆಹರಾನಿನ ಜೈಲಿನಲ್ಲಿದ್ದ ತಮ್ಮ ಇಬ್ಬರು ನೌಕರರನ್ನು ಕರೆತರಲು ಸ್ವಂತ ಪಡೆಯನ್ನೇ ಕಳಿಸಿದ ಆಸಾಮಿ. 1992ರ ಫೆಬ್ರವರಿಯಲ್ಲಿ ಟಿವಿ ಸಂದರ್ಶನವೊಂದರಲ್ಲಿ, ಜನ ನನ್ನ ಹೆಸರನ್ನು ಮತಪತ್ರದಲ್ಲಿ ಸೇರಿಸಿದರೆ ಅಧ್ಯಕ್ಷ ಚುನಾವಣೆಗೆ ನಿಲ್ಲುತ್ತೇನೆ ಎಂದರು. ಜನ ಬೀದಿಗಿಳಿದು ರಾಜ್ಯ ರಾಜ್ಯಗಳಲ್ಲಿ ಸಹಿ ಸಂಗ್ರಹಿಸಿದರು. ಜುಲೈನಲ್ಲಿ ಯಜಮಾನರು ಕಣದಿಂದ ಹಿಂದೆ ಸರಿದುಬಿಟ್ಟರು! ಅಕ್ಟೋಬರಿನಲ್ಲಿ ಮತ್ತೆ ಬಂದರು. ಮಗಳ ಮದುವೆ ಕೆಡಿಸಲು ಎದುರಾಳಿಗಳು ಹೊಂಚು ಹಾಕಿದ್ದರು, ಅದಕ್ಕೇ ಹೋಗಿದ್ದೆ ಎಂದು ಆಮೇಲೆ ಕಾರಣ ಕೊಟ್ಟರು. ಟಿವಿಯಲ್ಲಿ ಅರ್ಧರ್ಧ ಗಂಟೆ ಕೊಂಡು, ಚಾರ್ಟು ಹಿಡಿದು ದೇಶದ ಸಾಲದ ಪಾಠ ಮಾಡಿ, ಶೇ. 19ರ ಹತ್ತಿರ ಮತ ಪಡೆದರು. ಒಂದು ರಾಜ್ಯವೂ ಗೆಲ್ಲಲಿಲ್ಲ. ಪೆರೋ ಕಳ್ಳರಲ್ಲ. ಆದರೆ ದುಡ್ಡು ಅವರದು, ಮರ್ಜಿಯೂ ಅವರದು. ಸಹಿ ಹಾಕಿಸಲು ಬಿಸಿಲಲ್ಲಿ ನಿಂತವರನ್ನು ಕೇಳಬೇಕೆಂದು ಜುಲೈನಲ್ಲಿ ಅವರಿಗೆ ಅನ್ನಿಸಲಿಲ್ಲ.

ನಮ್ಮಲ್ಲಿ 2004ರ ವಿಧಾನಸಭಾ ಚುನಾವಣೆ ನಿಮಗೆ ನೆನಪಿರಬೇಕು. ಟಿಪ್ಪುವಿನ ಖಡ್ಗವನ್ನು ಲಂಡನ್ನಿನ ಹರಾಜಿನಲ್ಲಿ ಕೊಂಡ ವಿಜಯ್ ಮಲ್ಯ ಜನತಾ ಪಕ್ಷ ಹಿಡಿದು ಅಬ್ಬರಿಸಿದರು. ಒಂದು ಸೀಟೂ ಬರಲಿಲ್ಲ. ಲಾರಿ ಸಾಮ್ರಾಜ್ಯವೂ ಪತ್ರಿಕೆಯೂ ಕೈಯಲ್ಲಿದ್ದ ವಿಜಯ ಸಂಕೇಶ್ವರರ ಕನ್ನಡ ನಾಡು ಪಕ್ಷಕ್ಕೆ ಬಂದದ್ದು ಒಂದೇ. ಮತದಾರ ಅಷ್ಟು ಸುಲಭಕ್ಕೆ ಮರುಳಾಗುವುದಿಲ್ಲ ಎಂಬುದು ನಿಜ. ಆದರೆ ಮತದಾರ ಬಾಗಿಲು ಹಾಕಿದರೆ ಶಾಸಕರ ಬಾಗಿಲು ಇದೆಯಲ್ಲ: 2010ರಲ್ಲಿ ಮಲ್ಯ ಎರಡನೇ ಸಲ ರಾಜ್ಯಸಭೆಗೆ ಹೋದದ್ದು ನಮ್ಮ ಶಾಸಕರ ಮತದಿಂದಲೇ. 2016ರಲ್ಲಿ ಅವರು ರಾಜೀನಾಮೆ ಕೊಡುವ ಹೊತ್ತಿಗೆ ದೇಶ ಬಿಟ್ಟಾಗಿತ್ತು.

ಈಗ ನಿಮ್ಮ ಕುಕ್ಕರ್. ವಿಧಾನಸಭೆಯ ಅಭ್ಯರ್ಥಿ ನಮ್ಮ ರಾಜ್ಯದಲ್ಲಿ 40 ಲಕ್ಷ ರೂಪಾಯಿವರೆಗೆ ಖರ್ಚು ಮಾಡಬಹುದು. ಆದರೆ ಕಾನೂನು ಕೇಳುವುದು ನಾಮಪತ್ರದ ದಿನದಿಂದ ಫಲಿತಾಂಶದ ದಿನದವರೆಗಿನ ಲೆಕ್ಕ ಮಾತ್ರ. ಅದಕ್ಕೂ ತಿಂಗಳುಗಟ್ಟಲೆ ಮುಂಚೆ ಹಂಚಿದ ಕುಕ್ಕರು, ಧರ್ಮಸ್ಥಳಕ್ಕೆ ಬಿಟ್ಟ ಬಸ್ಸು ಆ ಪುಸ್ತಕಕ್ಕೆ ಬರುವುದೇ ಇಲ್ಲ. ನಮ್ಮ ವರದಿಗಾರ್ತಿ ಊಟದ ಎಲೆಯ ಮುಂದೆ ಕೇಳಿದ್ದು ಇದನ್ನೇ, ‘ಇಷ್ಟಕ್ಕೆಲ್ಲ ಎಷ್ಟಾಯಿತು ಸಾರ್?’ ಎಂದು. ಭಾವಿ ಶಾಸಕರು ಇನ್ನೊಂದು ಹೋಳಿಗೆ ಹಾಕಿಸಿದರು. ಅವರು ನಾಮಪತ್ರ ಸಲ್ಲಿಸಿದರೆ ಆಸ್ತಿಯ ಅಫಿಡವಿಟ್ ಹಿಡಿದು ಮತ್ತೆ ಅವಳೇ ಹೋಗುತ್ತಾಳೆ. ಆಗ ಹೆಸರೂ ಇರುತ್ತದೆ, ಫೋಟೊನೂ ಇರುತ್ತದೆ.

ಕುಕ್ಕರನ್ನು ಹಿಂದಕ್ಕೆ ಕೊಡಿ ಎನ್ನುವುದಿಲ್ಲ, ಮನೆಯವರು ಬಳಸಲಿ. ಯಾವ ತಿಂಗಳು ಬಂತು, ಯಾರು ತಂದುಕೊಟ್ಟರು, ಡಬ್ಬದ ಮೇಲೆ ಯಾರ ಫೋಟೊ ಇತ್ತು, ಇಷ್ಟನ್ನು ಒಂದು ಕಾರ್ಡಿನಲ್ಲಿ ಬರೆದು ನಮಗೆ ಕಳಿಸಿ.

ಸಂಪಾದಕ