ಓದುಗರ ಪ್ರಶ್ನೆ: ಒಂದೇ ರಂಗಮಂದಿರದಲ್ಲಿ ನಾಟಕವೂ ಸಿನಿಮಾವೂ

ಪ್ರಶ್ನೆ: ಶ್ರೀರಂಗಪಟ್ಟಣದ ಕೋಟೆಯೊಳಗೆ ನಮ್ಮ ಸಂಘದ ಹಳೆಯ ಸಭಾಂಗಣವಿದೆ. ಈಗ ಅದು ಮದುವೆ, ನಾಮಕರಣಗಳಿಗಷ್ಟೇ ಬಳಕೆಯಾಗುತ್ತಿದೆ. ಅಲ್ಲಿ ಊರವರೇ ಸೇರಿ ನಾಟಕ ಆಡಬೇಕು, ಒಳ್ಳೆಯ ಚಲನಚಿತ್ರಗಳನ್ನೂ ತೋರಿಸಬೇಕು ಎಂಬ ಆಸೆಯಿದೆ. ಸಣ್ಣ ಊರಿನಲ್ಲಿ ಇವೆರಡೂ ಒಟ್ಟಿಗೆ ನಡೆದ ಉದಾಹರಣೆ ಉಂಟೇ? ಕಟ್ಟಡವನ್ನು ಹೇಗೆ ಸಜ್ಜುಗೊಳಿಸಬೇಕು?

ಉತ್ತರ: ನಿಮ್ಮ ಊರಿಗಿಂತ ಬಹಳ ಚಿಕ್ಕದಾದ, ಸಾಗರ ತಾಲ್ಲೂಕಿನ ಹೆಗ್ಗೋಡಿನಲ್ಲಿಯೇ ಉದಾಹರಣೆಯಿದೆ. ಅಲ್ಲಿ 1949ರಲ್ಲಿ ಹುಟ್ಟಿದ ನೀಲಕಂಠೇಶ್ವರ ನಾಟ್ಯಸೇವಾ ಸಂಘ, ಅಂದರೆ ನೀನಾಸಮ್, ಮೊದಲು ಊರವರು ನಾಟಕವಾಡುವ ಹವ್ಯಾಸಿ ತಂಡವಾಗಿತ್ತು. 1973ರಲ್ಲಿ ಚಿತ್ರಸಮಾಜವನ್ನು, ಅಂದರೆ ಫಿಲ್ಮ್ ಸೊಸೈಟಿಯನ್ನು ಕಟ್ಟಿಕೊಂಡು, ಅಡಿಕೆ ತೋಟಗಳ ನಡುವಿನ ಆ ಹಳ್ಳಿಯ ಜನರಿಗೆ ಸತ್ಯಜಿತ್ ರಾಯ್, ಕುರೊಸಾವಾ ಅವರಂಥವರ ಚಿತ್ರಗಳನ್ನು ತೋರಿಸಿತು. ನೀನಾಸಮ್‌ನ ರೂವಾರಿ ಕೆ.ವಿ. ಸುಬ್ಬಣ್ಣನವರಿಗೆ 1991ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂದ ಮೇಲೆ ಹೆಗ್ಗೋಡನ್ನು ಪವಾಡವೆಂಬಂತೆ ಬಣ್ಣಿಸುವವರು ಹೆಚ್ಚಾದರು. ನನ್ನ ದೃಷ್ಟಿಯಲ್ಲಿ ಅಲ್ಲಿ ಗಮನಿಸಬೇಕಾದದ್ದು ಅದರ ಕ್ರಮ. ಚಿತ್ರ ತೋರಿಸಿ ಕೈತೊಳೆದುಕೊಳ್ಳದೆ ಚಿತ್ರವನ್ನು ಅರಿತು ಆಸ್ವಾದಿಸುವುದನ್ನು ಕಲಿಸುವ ರಸಗ್ರಹಣ ಶಿಬಿರ ನಡೆಸಿದರು, ನೋಡಿದ್ದರ ಬಗ್ಗೆ ಮಾತನಾಡುವ ಅಭ್ಯಾಸವನ್ನು ಬೆಳೆಸಿದರು. ಹಾಗೆ ಪಳಗಿದ ಕಣ್ಣು ನಾಟಕದ ಪ್ರೇಕ್ಷಕನದೂ ಆಯಿತು. ಆದ್ದರಿಂದ ಕುರ್ಚಿ ಕೊಳ್ಳುವ ಮೊದಲು, ತಿಂಗಳ ಇಂಥ ಶನಿವಾರ ಚಿತ್ರ, ಇಂಥ ಭಾನುವಾರ ನಾಟಕ ಎಂದು ನಿಶ್ಚಯಿಸಿ, ಹತ್ತೇ ಜನ ಬಂದರೂ ಅದನ್ನು ತಪ್ಪಿಸಬೇಡಿ.

ಆರಂಭದಲ್ಲಿ ಎಲ್ಲ ನಾಟಕಗಳನ್ನೂ ನೀವೇ ಆಡಬೇಕಾಗಿಲ್ಲ. 1985ರಿಂದ ನಾಡು ಸುತ್ತುತ್ತಿರುವ ನೀನಾಸಮ್ ತಿರುಗಾಟದಂಥ ತಂಡಗಳನ್ನು ಕರೆಸಬಹುದು. ಪಕ್ಕದ ಮೈಸೂರಿನಲ್ಲಿ 1989ರಲ್ಲಿ ರಂಗನಿರ್ದೇಶಕ ಬಿ.ವಿ. ಕಾರಂತರ ನೇತೃತ್ವದಲ್ಲಿ ಆರಂಭವಾದ ನಾಟಕ ಸಂಸ್ಥೆ ರಂಗಾಯಣವೂ ಇದೆ.

ಇನ್ನು ಕಟ್ಟಡದ ಮಾತು. ಸಿನಿಮಾ ಪರದೆಯನ್ನು ರಂಗದ ಮೇಲೆ ಕಾಯಂ ಆಗಿ ನಿಲ್ಲಿಸಬೇಡಿ, ಸುತ್ತಿ ಮೇಲಕ್ಕೆತ್ತುವಂತಿರಲಿ. ಇಲ್ಲವಾದರೆ ರಂಗದ ಆಳ ಕಡಿಮೆಯಾಗಿ, ನಟರಿಗೆ ಹಿಂದಿನಿಂದ ದಾಟಿಹೋಗಲು ಜಾಗವೇ ಉಳಿಯುವುದಿಲ್ಲ. ಬರಿಗೋಡೆಯ ಹಳೆಯ ಸಭಾಂಗಣಗಳಲ್ಲಿ ಧ್ವನಿವರ್ಧಕದ ಸದ್ದು ಪ್ರತಿಧ್ವನಿಸಿ ಸಂಭಾಷಣೆ ಕಲಸಿಹೋಗುತ್ತದೆ. ಹಾಗೆಂದು ಗೋಡೆಗಳಿಗೆಲ್ಲ ಧ್ವನಿ ಹೀರುವ ಹಲಗೆ ಹೊದಿಸಿದರೆ, ಮೈಕಿಲ್ಲದೆ ಮಾತನಾಡುವ ನಟನ ದನಿ ಹಿಂದಿನ ಸಾಲಿಗೆ ತಲುಪದು. ಬೇಕಾದಾಗ ಎಳೆದು, ಬೇಡವಾದಾಗ ಸರಿಸಬಹುದಾದ ದಪ್ಪ ಕಪ್ಪು ಪರದೆಗಳು ಇದಕ್ಕೆ ಅಗ್ಗದ ಪರಿಹಾರ. ಅವು ಕಿಟಕಿಯ ಬೆಳಕನ್ನೂ ತಡೆಯುತ್ತವೆ.

ನಿಮ್ಮ ಸಭಾಂಗಣ ಕೋಟೆಯೊಳಗಿರುವುದರಿಂದ, ಕಟ್ಟಡವನ್ನು ವಿಸ್ತರಿಸುವ ಯೋಚನೆಯಿದ್ದರೆ ಎಚ್ಚರ ಬೇಕು. ರಾಷ್ಟ್ರೀಯ ಮಹತ್ವದ ಸಂರಕ್ಷಿತ ಸ್ಮಾರಕದಿಂದ 100 ಮೀಟರ್‌ವರೆಗೆ ನಿಷೇಧಿತ ಪ್ರದೇಶ, ಅಲ್ಲಿಂದಾಚೆಗೆ ಮತ್ತೆ 200 ಮೀಟರ್ ನಿಯಂತ್ರಿತ ಪ್ರದೇಶ. ನಿಷೇಧಿತ ಪ್ರದೇಶದಲ್ಲಿ ಹೊಸ ನಿರ್ಮಾಣಕ್ಕೆ ಅವಕಾಶವಿಲ್ಲ. ದುರಸ್ತಿಗೂ ಮುಂಚಿತವಾಗಿ ಅನುಮತಿ ಪಡೆಯಬೇಕು.

ಪ್ರಶ್ನೆ: ಡಿವಿಡಿ ಕೊಂಡು ಅಥವಾ ಒಟಿಟಿ ಚಂದಾ ಕಟ್ಟಿ, ಉಚಿತವಾಗಿ ಸಿನಿಮಾ ತೋರಿಸಿದರೆ ತಪ್ಪೇ? ನಾಟಕಕ್ಕೂ ಅನುಮತಿ ಬೇಕೇ?

ಉತ್ತರ: ಡಿವಿಡಿಯಾಗಲಿ ಚಂದಾ ಆಗಲಿ ಮನೆಯ ವೀಕ್ಷಣೆಗಷ್ಟೇ, ಸಾರ್ವಜನಿಕ ಪ್ರದರ್ಶನಕ್ಕೆ ಹಕ್ಕುದಾರರ ಒಪ್ಪಿಗೆ ಬೇಕು, ಟಿಕೆಟ್ ಇಲ್ಲ ಎಂಬುದು ವಿನಾಯಿತಿಯಾಗದು. ಕರ್ನಾಟಕ ಸಿನಿಮಾಗಳ (ನಿಯಂತ್ರಣ) ಅಧಿನಿಯಮ, 1964ರ ಪ್ರಕಾರ ಪ್ರದರ್ಶನದ ಜಾಗಕ್ಕೆ ಪರವಾನಗಿಯೂ ಅಗತ್ಯ. ನಾಟಕದ ವಿಷಯದಲ್ಲಿ ಕಾನೂನು ಕೊಂಚ ಉದಾರವಾಗಿದೆ: ಹವ್ಯಾಸಿ ಸಂಘವೊಂದು ಹಣ ಪಡೆಯದೆ ಪ್ರೇಕ್ಷಕರಿಗೆ ಆಡಿ ತೋರಿಸಿದರೆ ಅದು ಕೃತಿಸ್ವಾಮ್ಯದ ಉಲ್ಲಂಘನೆಯಲ್ಲ. ಟಿಕೆಟ್ ಇಟ್ಟರೆ, ನಾಟಕಕಾರರು ತೀರಿಕೊಂಡು 60 ವರ್ಷ ಕಳೆಯದಿದ್ದ ಪಕ್ಷದಲ್ಲಿ, ಅವರಿಂದ ಅಥವಾ ವಾರಸುದಾರರಿಂದ ಲಿಖಿತ ಅನುಮತಿ ಪಡೆಯಿರಿ. ಅನುವಾದಿತ ನಾಟಕವಾದರೆ ಅನುವಾದಕರ ಹಕ್ಕು ಬೇರೆಯೇ ಇರುತ್ತದೆ. ಹವ್ಯಾಸಿ ತಂಡಗಳು ಸಾಮಾನ್ಯವಾಗಿ ಮರೆಯುವುದು ಇವರನ್ನೇ.