ಓದುಗರ ಪ್ರಶ್ನೆ: ನಕಲ್‌ಹೆಡ್ ಎಂಜಿನ್ನಿನ 40 ಅಶ್ವಶಕ್ತಿ

ಪ್ರಶ್ನೆ: ಹಾರ್ಲೆ-ಡೇವಿಡ್ಸನ್ ಕಂಪನಿಯ 1936ರ ನಕಲ್‌ಹೆಡ್ ಎಂಜಿನ್ ಸುಮಾರು 1000 ಸಿಸಿಯದಾಗಿದ್ದರೂ ಅದರ ಶಕ್ತಿ 40 ಅಶ್ವಶಕ್ತಿ ಮಾತ್ರ ಎಂದು ಓದಿದೆ. ಕೆಟಿಎಂನ 373 ಸಿಸಿಯ ಡ್ಯೂಕ್ ಅದಕ್ಕಿಂತ ಹೆಚ್ಚು ಕೊಡುತ್ತಿತ್ತಲ್ಲ? ಹಾಗಿದ್ದೂ ಆ ಹಳೆಯ ಎಂಜಿನ್ನಿಗೆ ಇಷ್ಟೊಂದು ಮರ್ಯಾದೆ ಏಕೆ? ಅದರ ಸದ್ದು ಕುಂಟಿದಂತೆ ಕೇಳುವುದಕ್ಕೆ ಕಾರಣವೇನು?

ಉತ್ತರ: ಅಶ್ವಶಕ್ತಿಯನ್ನು ಅದು ಯಾವ ವೇಗದಲ್ಲಿ ಹುಟ್ಟುತ್ತದೆ ಎಂಬುದರೊಡನೆ ಸೇರಿಸಿ ನೋಡಬೇಕು. ಡ್ಯೂಕ್ ತನ್ನ ಗರಿಷ್ಠ ಶಕ್ತಿಯನ್ನು ತಲುಪುವುದು ನಿಮಿಷಕ್ಕೆ 9000 ಸುತ್ತುಗಳ ಆಸುಪಾಸಿನಲ್ಲಿ. ನಕಲ್‌ಹೆಡ್‌ನ ಇಎಲ್ ಮಾದರಿ 40 ಅಶ್ವಶಕ್ತಿಯನ್ನು 4800 ಸುತ್ತುಗಳಲ್ಲೇ ಕೊಡುತ್ತಿತ್ತು. ಹೆಚ್ಚುಕಡಿಮೆ ಅರ್ಧ ಸುತ್ತುಗಳಲ್ಲಿ ಅಷ್ಟೇ ಶಕ್ತಿ ಬರಬೇಕಾದರೆ ಟಾರ್ಕ್, ಎಂದರೆ ತಿರುಗಿಸುವ ಬಲ, ದುಪ್ಪಟ್ಟಿನ ಹತ್ತಿರ ಇರಲೇಬೇಕು, ಭಾರದ ಬೈಕನ್ನು ಗೇರ್ ಬದಲಿಸದೆ ಎಳೆದುಕೊಂಡು ಹೋಗುವುದು ಆ ಟಾರ್ಕೇ.

ಅಂದಿನ ಲೆಕ್ಕದಲ್ಲಿ ಇದು ದೊಡ್ಡ ನೆಗೆತ. ಮಿಲ್ವಾಕಿಯ ಈ ಕಂಪನಿಯ ಅದಕ್ಕೂ ಹಿಂದಿನ ದೊಡ್ಡ ಬೈಕುಗಳಲ್ಲಿ ಒಳಹೊರ ದಾರಿಗಳನ್ನು ತೆರೆದು ಮುಚ್ಚುವ ವಾಲ್ವ್‌ಗಳು ಸಿಲಿಂಡರಿನ ಪಕ್ಕದಲ್ಲಿದ್ದುದರಿಂದ ಪೆಟ್ರೋಲ್ ಮತ್ತು ಗಾಳಿಯ ಮಿಶ್ರಣ ಬಳಸು ದಾರಿಯಲ್ಲಿ ಒಳಬರಬೇಕಿತ್ತು. ನಕಲ್‌ಹೆಡ್‌ನಲ್ಲಿ ಅವು ಮೇಲಕ್ಕೆ, ಸಿಲಿಂಡರ್ ಹೆಡ್ಡಿಗೆ ಬಂದವು. ದಾರಿ ನೇರವಾಯಿತು, ಮಿಶ್ರಣವನ್ನು ಹೆಚ್ಚು ಒತ್ತಡಕ್ಕೆ ಒಳಪಡಿಸುವುದೂ ಸಾಧ್ಯವಾಯಿತು.

ನನ್ನ ದೃಷ್ಟಿಯಲ್ಲಿ ಇದಕ್ಕಿಂತ ಮುಖ್ಯವಾದ ಸುಧಾರಣೆ ಆಯಿಲ್ ವ್ಯವಸ್ಥೆಯದು. ಅಲ್ಲಿಯವರೆಗೆ ಎಂಜಿನ್ನಿಗೆ ಹೋದ ಆಯಿಲ್ ಉರಿದೋ ಸೋರಿಯೋ ಮುಗಿದುಹೋಗುತ್ತಿತ್ತು. ಇಲ್ಲಿ ಮಾತ್ರ ಸೀಟಿನ ಕೆಳಗೆ ಬ್ಯಾಟರಿಯನ್ನು ಸುತ್ತುವರಿದು ಕುಳಿತ, ಕುದುರೆಲಾಳದ ಆಕಾರದ ಟ್ಯಾಂಕಿನಿಂದ ಹೊರಟ ಆಯಿಲ್ ಕೆಲಸ ಮುಗಿಸಿ ಅಲ್ಲಿಗೇ ಮರಳುತ್ತಿತ್ತು. ಮೊದಮೊದಲ ಎಂಜಿನ್ನುಗಳು ವಾಲ್ವ್‌ಗಳನ್ನು ಒತ್ತಿ ತೆರೆಯುವ ತೋಳುಗಳಾದ ರಾಕರ್‌ಗಳ ಬಳಿ ಧಾರಾಳವಾಗಿ ಸೋರುತ್ತಿದ್ದವು ಎಂಬುದೂ ನಿಜ. 1938ರಲ್ಲಿ ವಾಲ್ವ್ ಭಾಗವನ್ನೆಲ್ಲ ಪೂರ್ತಿ ಮುಚ್ಚಿದ ಮೇಲೆ ಆ ತಾಪತ್ರಯ ಬಹಳಷ್ಟು ತಗ್ಗಿತು.

ಅದರ ಹೆಸರು ಬೆಳೆದದ್ದರಲ್ಲಿ ಓಟದ ಪಾಲೂ ಇದೆ. 1937ರ ಮಾರ್ಚ್ 13ರಂದು ಫ್ಲಾರಿಡಾದ ಡೇಟೋನಾ ಕಡಲತೀರದ ಮರಳಿನ ಮೇಲೆ ಬೈಕ್ ಓಟಗಾರ ಜೋ ಪೆಟ್ರಾಲಿ ವಿಶೇಷವಾಗಿ ಸಿದ್ಧಪಡಿಸಿದ ನಕಲ್‌ಹೆಡ್ ಬೈಕನ್ನು ಗಂಟೆಗೆ 136.183 ಮೈಲಿ, ಎಂದರೆ ಸುಮಾರು 219 ಕಿ.ಮೀ. ವೇಗದಲ್ಲಿ ಓಡಿಸಿ ದಾಖಲೆ ಮಾಡಿದರು.

ಇನ್ನು ಸದ್ದು. 45 ಡಿಗ್ರಿ ಕೋನದಲ್ಲಿ ನಿಂತ ಎರಡು ಸಿಲಿಂಡರುಗಳ ಕನೆಕ್ಟಿಂಗ್ ರಾಡ್‌ಗಳು ಎಂಜಿನ್ನಿನ ತಿರುಗುವ ದಂಡವಾದ ಕ್ರ್ಯಾಂಕಿನ ಒಂದೇ ಪಿನ್ನಿಗೆ ಸೇರಿವೆ. ಹೀಗಾಗಿ ಒಂದು ಸಿಲಿಂಡರ್ ಉರಿದ ಮೇಲೆ ಕ್ರ್ಯಾಂಕ್ 315 ಡಿಗ್ರಿ ತಿರುಗುವಷ್ಟರಲ್ಲಿ ಎರಡನೆಯದು ಉರಿಯುತ್ತದೆ, ಮತ್ತೆ ಮೊದಲನೆಯದರ ಸರದಿ ಬರಲು 405 ಡಿಗ್ರಿ ಕಾಯಬೇಕು. ಈ ಗಿಡ್ಡ–ಉದ್ದ ಅಂತರವೇ ನಿಮಗೆ ಕುಂಟಿದಂತೆ ಕೇಳುವುದು. ಬೈಕ್ ನಿಂತಿದ್ದು ಎಂಜಿನ್ ಮಾತ್ರ ನಿಧಾನವಾಗಿ ಓಡುತ್ತಿರುವಾಗ ಅದು ಇನ್ನೂ ಸ್ಪಷ್ಟ. 1941ರಲ್ಲಿ ಸುಮಾರು 1200 ಸಿಸಿಯ ದೊಡ್ಡ ನಕಲ್‌ಹೆಡ್ ಬಂದಾಗಲೂ, 1948ರಲ್ಲಿ ಅಲ್ಯೂಮಿನಿಯಂ ಹೆಡ್ಡಿನ ಪ್ಯಾನ್‌ಹೆಡ್ ಇದರ ಜಾಗವನ್ನು ಹಿಡಿದಾಗಲೂ ಕಂಪನಿ ಆ 45 ಡಿಗ್ರಿಯನ್ನು ಮುಟ್ಟಲಿಲ್ಲ.