ಪಿಎಚ್‌ಡಿ ಮುಗಿದ ಮೇಲೂ ನೊಣದ ರೆಕ್ಕೆ ನೋಡೋದಾ?

ಪ್ರಶ್ನೆ: ನಮ್ಮದು ಮಳವಳ್ಳಿ ಕಡೆ ಹಳ್ಳಿ, ರೇಷ್ಮೆ ಬೆಳೆಯುತ್ತೇವೆ. ಮಗಳು ಮೈಸೂರಿನ ಮಾನಸಗಂಗೋತ್ರಿಯಲ್ಲಿ ಹಣ್ಣಿನ ನೊಣದ ಮೇಲೆ ಪಿಎಚ್‌ಡಿ ಮುಗಿಸಿದ್ದಾಳೆ. ಈಗ ಪೋಸ್ಟ್‌ಡಾಕ್ ಮಾಡುತ್ತೇನೆ, ಪ್ರಾಣಿಗಳ ಆಕಾರ ಹೇಗೆ ಬದಲಾಯಿತು ಅಂತ ನೋಡಬೇಕು ಅನ್ನುತ್ತಾಳೆ. ಡಾಕ್ಟರೇಟ್ ಆದ ಮೇಲೂ ಓದಾ? ಸಂಬಳ ಬರುತ್ತಾ? ನೆಂಟರು ಕೇಳಿದರೆ ಏನು ಹೇಳಬೇಕೋ ಗೊತ್ತಾಗುತ್ತಿಲ್ಲ.
– ಒಬ್ಬ ತಂದೆ, ಮಳವಳ್ಳಿ ತಾಲ್ಲೂಕು

ಉತ್ತರ: ಓದಲ್ಲ ಸ್ವಾಮಿ, ಕೆಲಸ. ನೆಂಟರಿಗೂ ಹಾಗೇ ಹೇಳಿ. ಪರೀಕ್ಷೆ ಇಲ್ಲ, ಹೊಸ ಡಿಗ್ರಿಯೂ ಇಲ್ಲ. ಹಿರಿಯ ವಿಜ್ಞಾನಿಯೊಬ್ಬರ ಲ್ಯಾಬ್‌ನಲ್ಲಿ ಎರಡು ಮೂರು ವರ್ಷ ಇದ್ದು, ಮುಂದೆ ಸ್ವಂತ ಲ್ಯಾಬ್ ನಡೆಸುವಷ್ಟು ಕೈ ಪಳಗಿಸಿಕೊಳ್ಳೋದು.

ಇನ್ನು ಆಕಾರದ ವಿಷಯ. ಇದು ನಿಮ್ಮ ಮನೆಯಲ್ಲೇ ಇದೆ. ಹುಳುಮನೆಗೆ ನುಗ್ಗುವ ಊಜಿ ನೊಣ ಗೊತ್ತಲ್ವಾ, ಅದನ್ನು ಹಿಡಿದು ನೋಡಿ. ರೆಕ್ಕೆ ಒಂದೇ ಜೊತೆ. ಹಿಂದಿನ ಜೊತೆ ಇರಬೇಕಾದ ಜಾಗದಲ್ಲಿ ಗುಂಡುತಲೆಯ ಎರಡು ಪುಟ್ಟ ಕಡ್ಡಿಗಳಿರುತ್ತವೆ, ಹಾರುವಾಗ ಆಯ ತಪ್ಪದಂತೆ ನೋಡಿಕೊಳ್ಳೋದು ಅವೇ. ರೇಷ್ಮೆ ಚಿಟ್ಟೆಗಾದರೆ ಎರಡು ಜೊತೆ ರೆಕ್ಕೆ (ನೀವು ಗೂಡು ಮಾರಿಬಿಡುತ್ತೀರಿ, ಚಿಟ್ಟೆ ನೋಡಬೇಕಾದರೆ ಬಿತ್ತನೆ ಕೋಠಿಗೇ ಹೋಗಬೇಕು). ಹಣ್ಣಿನ ನೊಣದ ಆ ಕಡ್ಡಿ ಬೆಳೆಯುವ ಜಾಗದಲ್ಲಿ ಅಲ್ಟ್ರಾಬೈಥೊರಾಕ್ಸ್ ಅನ್ನುವ ಜೀನ್ (ವಂಶವಾಹಿ) ಕೆಲಸ ನಿಲ್ಲಿಸಿದರೆ ನೊಣಕ್ಕೂ ನಾಲ್ಕು ರೆಕ್ಕೆ ಬರುತ್ತದೆ. ಅಂಥ ನೊಣಗಳನ್ನು ತೋರಿಸಿದ ಅಮೆರಿಕದ ಎಡ್ವರ್ಡ್ ಲೂಯಿಸ್‌ಗೆ 1995ರ ನೊಬೆಲ್‌ನಲ್ಲಿ ಪಾಲು ಸಿಕ್ಕಿತು.

ಹಾಗಾದರೆ ಚಿಟ್ಟೆಗೆ ಈ ಜೀನ್ ಇಲ್ಲ ಅಂದುಕೊಳ್ಳಬೇಡಿ. ಇದೆ, ಹಿಂದಿನ ರೆಕ್ಕೆಯಲ್ಲಿ ಕೆಲಸವನ್ನೂ ಮಾಡುತ್ತದೆ, ಆದರೂ ಅಲ್ಲಿ ರೆಕ್ಕೆ ರೆಕ್ಕೆಯಾಗಿಯೇ ಬೆಳೆಯುತ್ತದೆ! ಅದೇ ಜೀನ್, ಎರಡು ಫಲ. ಯಾಕೆ? ಅದರ ಮಾತು ಕೇಳುವ ಉಳಿದ ಜೀನ್‌ಗಳಲ್ಲಿ, ಅವುಗಳನ್ನು ಆನ್-ಆಫ್ ಮಾಡುವ ಪಕ್ಕದ ಸ್ವಿಚ್‌ಗಳಲ್ಲಿ ವ್ಯತ್ಯಾಸ ಇದೆ ಅನ್ನೋದು ತಿಳಿದಿದೆ. ನಮ್ಮವರೇ ಆದ ಜೀವವಿಜ್ಞಾನಿ ಎಲ್.ಎಸ್. ಶಶಿಧರ ಅವರ ತಂಡ 2016ರಲ್ಲಿ ನೊಣ, ಜೇನುಹುಳು, ರೇಷ್ಮೆಹುಳು ಮೂರನ್ನೂ ಪಕ್ಕಪಕ್ಕ ಇಟ್ಟು ಈ ಜೀನ್ ಎಲ್ಲೆಲ್ಲಿ ಕೈ ಹಾಕುತ್ತದೆ ಅಂತ ಹೋಲಿಸಿತು. ಅವರು ಈಗ ಬೆಂಗಳೂರಿನ ಎನ್‌ಸಿಬಿಎಸ್‌ನಲ್ಲಿದ್ದಾರೆ (ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರ). ಹುಳು ಸಾಕಿದ ಮನೆಯ ಹುಡುಗಿ ಇಂಥದ್ದರ ಹಿಂದೆ ಬಿದ್ದಿದ್ದಾಳೆ ಅಂದರೆ ನನಗಂತೂ ಖುಷಿಯೇ.

ಸಂಬಳ: ಪೋಸ್ಟ್‌ಡಾಕ್ ಮಾಡುವವರಿಗೆ ಅನ್ವಯಿಸುವ ಕೇಂದ್ರ ಸರ್ಕಾರದ ರಿಸರ್ಚ್ ಅಸೋಸಿಯೇಟ್ ದರ 2023ರ ಜನವರಿಯಿಂದ ತಿಂಗಳಿಗೆ 58,000ದಿಂದ 67,000 ರೂಪಾಯಿ, ಮನೆ ಬಾಡಿಗೆ ಭತ್ಯೆ ಬೇರೆ. ಹೊರದೇಶಕ್ಕಾದರೆ ಹ್ಯೂಮನ್ ಫ್ರಾಂಟಿಯರ್ ಅನ್ನುವ ಅಂತರರಾಷ್ಟ್ರೀಯ ಸಂಸ್ಥೆ ಕೊಡುವಂಥ 3 ವರ್ಷದ ಫೆಲೋಶಿಪ್‌ಗಳಿವೆ, ಪೈಪೋಟಿ ಜಾಸ್ತಿ.

ಆದರೆ ಇದು ಕಾಯಂ ಕೆಲಸ ಅಲ್ಲ, ಅದನ್ನು ಮುಚ್ಚಿಡೋದಿಲ್ಲ. ಎರಡನೇ ಪೋಸ್ಟ್‌ಡಾಕ್, ಮೂರನೇದು ಅಂತ ಸುಮ್ನೆ ವರ್ಷ ಕಳೆದವರೂ ಇದ್ದಾರೆ. ಆದ್ದರಿಂದ ಮಗಳನ್ನು ತಡೆಯಬೇಡಿ, ಕೂರಿಸಿಕೊಂಡು ಕೇಳಿ: ದುಡ್ಡು ಎಷ್ಟು ವರ್ಷಕ್ಕೆ ಮಂಜೂರಾಗಿದೆ, ಆ ಲ್ಯಾಬ್‌ನಿಂದ ಹೊರಬಂದವರು ಈಗ ಎಲ್ಲಿದ್ದಾರೆ, ಹೊರಡುವಾಗ ತಾನು ಶುರು ಮಾಡಿದ ಕೆಲಸವನ್ನು ಜೊತೆಗೆ ಒಯ್ಯಲು ಗುರುಗಳು ಬಿಡುತ್ತಾರಾ. ಕೊನೆಯದನ್ನು ಸೇರುವ ಮೊದಲೇ ಇಮೇಲ್‌ನಲ್ಲಿ ಬರೆಸಿಕೊಳ್ಳಲಿ.